ಕರಾಳಪ್ಪನ ಜೀವ, ಬಾವಿಯ ಹಗ್ಗ

ಅಮೃತಮ್ಮ ಅಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಬಾಯಿ ಬಿಗಿಹಿಡಿದು ನಿಂತಿದ್ದರೆ ರಾಕ್ಷಸ ತನ್ನ ಪಾಡಿಗೆ ತಾನು ಸತ್ತುಹೋಗುತ್ತಿದ್ದ, ಅವಳ ಗಂಡ ಚಂದ್ರಾಮಪ್ಪ ತನ್ನ ಪಾಡಿಗೆ ತಾನು ಬದುಕಿಕೊಳ್ಳುತ್ತಿದ್ದ. ಆದರೆ ಬಾವಿಕಟ್ಟೆ ಎಂಬುದು ಯಾವ ಕಾಲಕ್ಕೂ ಬಾಯಿ ಬಿಗಿಹಿಡಿಯುವ ಜಾಗವಲ್ಲ.

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬೇಸಿಗೆಯಲ್ಲೂ ಸಿಹಿನೀರು ಕೊಡುವ ಬಾವಿ ಒಂದೇ. ಅದು ಶಿವಕಾಂತಮ್ಮನ ಹಿತ್ತಲಲ್ಲಿತ್ತು. ಅದೇ ಹಿತ್ತಲಿನ ಎರಡು ಖೋಲಿಗಳಲ್ಲಿ ಚಂದ್ರಾಮಪ್ಪ ಬಾಡಿಗೆಗಿದ್ದ. ಊರಲ್ಲಿ ಖಾಲಿ ಮನೆ ಸಿಗುತ್ತಿರಲಿಲ್ಲ; ಬಸುರಿ ಹೆಂಡತಿಯನ್ನು ಕರೆದುಕೊಂಡು ಆ ಖೋಲಿಗಳನ್ನು ಹಿಡಿಯಲು ಅವನು ಪಟ್ಟ ಪಾಡು ಅವನಿಗೇ ಗೊತ್ತು. ಅಂದು ನೀರು ಸೇದುವ ಸರದಿಯ ಮೇಲೆ ಮಾತಿಗೆ ಮಾತು ಬೆಳೆದು, ಪಕ್ಕದ ಮನೆಯ ಮರೆಮ್ಮ, "ನಿನ್ನ ಗಂಡ ಏನ್ ದೊಡ್ಡ ಮನಷ್ಯಾ? ಸಾವ್ಕಾರನ ಕಲ್ಲು ಎಣಸಾಂವ!" ಅಂದುಬಿಟ್ಟಳು. ಅಮೃತಮ್ಮನಿಗೆ ತಡೆಯಲಾಗಲಿಲ್ಲ.

"ಕಲ್ಲು ಎಣಸಾಂವಾ? ಶುಕ್ರವಾರ ಬಂತಂದ್ರ ನೀವೆಲ್ಲಾ ಬಾಯಿ ತಕ್ಕೊಂಡು ಕುಂತು ಕೇಳ್ತೀರಲ್ಲ ರಾಕ್ಷಸನ ಕತಿ, ಅದನ್ನ ಬರಿಯಾಂವ ನನ್ನ ಗಂಡ! ಆ ರಾಕ್ಷಸನ್ನ ಉಳಸೋದು, ಸಾಯ್ಸೋದು ನನ್ನ ಗಂಡನ ಕೈಯಾಗ ಅದ!"

ನೀರು ಸೇದುವ ಗಡಗಡೆಯ ಸದ್ದು ಗಪ್ಪನೆ ನಿಂತಿತು. ಅರ್ಧ ಮೇಲೆ ಬಂದಿದ್ದ ಕೊಡ ಮತ್ತೆ ಬಾವಿಗೆ ಬಿತ್ತು.

ಅಮೃತಮ್ಮ ಹೇಳಿದ್ದು ಸುಳ್ಳಲ್ಲ. ಹಗಲು ಭೀಮಶಾ ಸಾಹುಕಾರರ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವಖಾರಿಯಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದ ಚಂದ್ರಾಮಪ್ಪ ಬೆಳಗಿನ ಹೊತ್ತು ‘ಗರುಡಾಕ್ಷ’ ಎಂಬ ಹೆಸರಿನ ಕತೆಗಾರನಾಗುತ್ತಿದ್ದ. ಹುಬ್ಬಳ್ಳಿಯ ‘ಕತೆಗಂಟು’ ವಾರಪತ್ರಿಕೆಯಲ್ಲಿ ‘ಏಳು ಕೋಟೆಯ ಖಡ್ಗ’ ಎಂಬ ಅವನ ಮಾಯಾ ಕಾದಂಬರಿ ಕಂತುಕಂತಾಗಿ ಬರುತ್ತಿತ್ತು. ಕತೆ ಬರೆಯುವ ಮುನೀಮ ಲೆಕ್ಕವನ್ನೂ ಕತೆಯಂತೆಯೇ ಬರೆದಾನು ಎಂದು ಸಾಹುಕಾರರು ಸಂಶಯಪಡಬಾರದೆಂದು ಈ ಸಂಗತಿಯನ್ನು ಹೆಂಡತಿಯೊಬ್ಬಳ ಹೊರತು ಯಾರಿಗೂ ಹೇಳಿರಲಿಲ್ಲ. ಆ ಒಬ್ಬಳೇ ಸಾಕಾದಳು.

ಓಣಿಯಲ್ಲಿ ಕತೆ ಓದುವವರಿಗಿಂತ ಕೇಳುವವರೇ ಹೆಚ್ಚು. ಶಿವಕಾಂತಮ್ಮನ ಮನೆಯ ಮುಂಭಾಗದಲ್ಲಿ ಗನಿಸಾಬನ ಟೇಲರ್ ಅಂಗಡಿ ಇತ್ತು. ಬೆಳಗಾಗೆದ್ದು ಉರ್ದು ಪತ್ರಿಕೆಯನ್ನು ನೀರು ಕುಡಿದಷ್ಟು ಸಲೀಸಾಗಿ ಓದುವ ಗನಿಸಾಬನಿಗಿಂತ ದೊಡ್ಡ ಓದುಗ ಆ ಓಣಿಯಲ್ಲಿರಲಿಲ್ಲ. ಶುಕ್ರವಾರ ರೈಲಿನಲ್ಲಿ ‘ಕತೆಗಂಟು’ ಬಂದಿತೆಂದರೆ ಅವನು ಮಶೀನು ನಿಲ್ಲಿಸಿ, ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಶುರುಮಾಡುತ್ತಿದ್ದ. ಕುಪ್ಪಸದ ಅಳತೆ ಕೊಡಲು ಬಂದವರು ಅಳತೆ ಮರೆತು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಆ ಹೊತ್ತಿಗೆ ವಖಾರಿಯಲ್ಲೇ ಇರುತ್ತಿದ್ದ ಚಂದ್ರಾಮಪ್ಪ ತನ್ನ ಕತೆ ಓಣಿಯ ಕಿವಿಗೆ ಹೇಗೆ ಬೀಳುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

ಅಂದು ಕೊನೆಯ ಕಂತು ಹೊರಡಬೇಕಾದ ದಿನ. ಸಂಜೆಯ ಮೇಲ್ ಗಾಡಿಯ ಟಪಾಲು ಡಬ್ಬಿಗೆ ಬೀಳಲೇಬೇಕೆಂದು ಸಂಪಾದಕರು ತಾಕೀತು ಮಾಡಿದ್ದರು. ಚಂದ್ರಾಮಪ್ಪ "ರಾಜಪುತ್ರನಾದ ರತ್ನಕೇತುವು ಖಡ್ಗವನ್ನು ಮೇಲೆತ್ತಿದನು" ಎಂಬಲ್ಲಿಗೆ ಬಂದು, ಖಡ್ಗವನ್ನು ರಾಕ್ಷಸನ ಕುತ್ತಿಗೆಯ ಯಾವ ಮಗ್ಗುಲಿಗೆ ಇಳಿಸುವುದೆಂದು ಯೋಚಿಸುತ್ತಿದ್ದಾಗ ಬಾಗಿಲಲ್ಲಿ ತುಪ್ಪದ ವಾಸನೆ ಬಂತು. ಶಿವಕಾಂತಮ್ಮ ಹೋಳಿಗೆಯ ತಾಟು ಹಿಡಿದು ನಿಂತಿದ್ದಳು. ಬಾಡಿಗೆದಾರರು ಸೇದುವ ನೀರಿನ ಹನಿಯ ಮೇಲೂ ಕಣ್ಣಿಡುವ ಹೆಂಗಸು ಹೋಳಿಗೆ ತರುವುದೆಂದರೆ ಸಣ್ಣ ಮಾತಲ್ಲ.

"ಅಮ್ಮಾ, ಯಾಕ ತ್ರಾಸ ತಗೊಂಡ್ರಿ?"

"ಮೊದ್ಲು ತಿನ್ರಿ." ಅವಳು ಹೊಸ್ತಿಲ ಮೇಲೆ ಕೂತಳು. "ಕರಾಳಪ್ಪ ಹ್ಯಾಂಗದಾನ?"

ಬಾಯಿಗೆತ್ತಿದ ಹೋಳಿಗೆಯನ್ನು ಚಂದ್ರಾಮಪ್ಪ ತಾಟಿಗೇ ಇಳಿಸಿದ. ಅವನ ರಾಕ್ಷಸನ ಹೆಸರು ಕರಾಳಜಂಘ. ಊರೂರು ಸುಟ್ಟವನು, ಹಂಸಿನಿ ಎಂಬ ರಾಜಕುಮಾರಿಯನ್ನು ಹೊತ್ತುಕೊಂಡು ಹೋದವನು. ಅಂಥವನಿಗೆ ಯಾರಾದರೂ ‘ಅಪ್ಪ’ ಹಚ್ಚಿ ಕರೆದಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಅಂವ ರಾಕ್ಷಸ ಅಲ್ಲೇನಮ್ಮಾ?"

"ರಾಕ್ಷಸ ಅದಾನ್ರಿ, ಯಾರ್ ಇಲ್ಲ ಅಂದ್ರು? ನಮ್ಮ ಯಜಮಾನ್ರೂ ಹಂಗೇ ಇದ್ರು. ಅವರ ಮೀಸಿ ನೋಡಿದ್ರ ಓಣಿ ಕೂಸು ಹೊಯ್ಕೋತಿದ್ವು. ಆದ್ರ ಕುಂಟ ಆಡಿನಮರಿ ಕಂಡ್ರ ಎತ್ಕೊಂಡು ಮನಿಗೆ ತರ್ತಿದ್ರು. ಥೇಟ್ ಕರಾಳಪ್ಪನಂಗ." ಶಿವಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರು ಹೋದ ಮ್ಯಾಲ ಅಂಥಾ ದನಿ ಈ ಮನ್ಯಾಗ ಕೇಳಿದ್ದು ಶುಕ್ರವಾರ ಒಂದೇ ದಿನ ನೋಡ್ರಿ."

ಯಾವ ಆಡಿನಮರಿ? ಚಂದ್ರಾಮಪ್ಪ ತನ್ನ ಕಾದಂಬರಿಯನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ. ಹದ್ದು ಇತ್ತು, ಹೆಬ್ಬಾವು ಇತ್ತು, ಎರಡು ತಲೆಯ ಕುದುರೆ ಇತ್ತು. ಆಡು ಎಲ್ಲಿಯೂ ಇರಲಿಲ್ಲ. ಆದರೆ ಕಣ್ಣೊರೆಸಿಕೊಳ್ಳುತ್ತಿರುವ ಮನೆಯೊಡತಿಯನ್ನು ಯಾವ ಆಡೆಂದು ಕೇಳುವುದು ಅವನಿಂದಾಗಲಿಲ್ಲ.

"ಕತಿ ಇವತ್ತು ಮುಗೀತದಂತ," ಎಂದು ಅವಳು ಎದ್ದಳು. ದನಿ ಬದಲಾಗಿತ್ತು. "ಆ ಬಿಳೇ ಮಾರಿ ರತ್ನಕೇತು ನಮ್ಮ ಕರಾಳಪ್ಪನ ಮೈ ಮುಟ್ಟಿದಾ ಅಂದ್ರ ನೀವು ಖೋಲಿ ಖಾಲಿ ಮಾಡ್ರಿ. ಅವನ್ನ ಕೊಂದಾಂವಗ ನನ್ನ ಬಾವಿ ನೀರು ಇಲ್ಲ." ಹೇಳಿ, ಅರ್ಧ ತಿಂದ ಹೋಳಿಗೆಯನ್ನು ತಾಟಿನ ಸಮೇತ ಎತ್ತಿಕೊಂಡು ಹೋದಳು.

ವಖಾರಿಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಹೋಗಿ ಕೂತಿತ್ತು.

"ಬರ್ರಿ ಗರುಡಾಕ್ಷರ," ಎಂದರು ಭೀಮಶಾ ಸಾಹುಕಾರರು ಗಾದಿಯ ಮೇಲಿಂದ.

ನೌಕರಿ ಹೋಯಿತೆಂದೇ ಚಂದ್ರಾಮಪ್ಪ ತಿಳಿದ. ಆದರೆ ಸಾಹುಕಾರರು ಒರಗುವ ಲೋಡಿನ ಹಿಂದೆ ಕೈ ಹಾಕಿ ‘ಕತೆಗಂಟು’ವಿನ ಒಂದು ಕಟ್ಟನ್ನೇ ಹೊರಗೆಳೆದರು. ಸಾಹುಕಾರರಿಗೆ ಓದು ಬರುತ್ತಿತ್ತು. ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ, ಒಂದಕ್ಷರ ಬಿಡದೆ ತಾವೇ ಓದುತ್ತಿದ್ದರು.

"ಭಾಳ ಛಲೋ ಬರ್ದೀರಿ. ಆ ಕರಾಳಜಂಘ ಯಾರು ಅನ್ನೋದು ನನಗ ಮೊದಲ್ನೇ ವಾರಕ್ಕೇ ಗೊತ್ತಾಯ್ತು."

"ಯಾರ್ರಿ ಸಾವ್ಕಾರ್ರ?"

"ಮತ್ಯಾರು? ಕಾಶಪ್ಪ!"

ಕಾಶಪ್ಪ ಸಾಹುಕಾರರ ಕಲ್ಲಿನ ಖಣಿಯ ಪಕ್ಕದ ಖಣಿಯ ಮಾಲೀಕ. ಎರಡು ಖಣಿಗಳ ನಡುವಿನ ಗಡಿಕಲ್ಲು ರಾತ್ರೋರಾತ್ರಿ ನಡೆದಾಡುತ್ತದೆಂದು ಇಬ್ಬರೂ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು. ಹಾಗಾದರೆ ರತ್ನಕೇತು ಯಾರೆಂದು ಚಂದ್ರಾಮಪ್ಪ ಕೇಳಬೇಕಾಗಲಿಲ್ಲ. ಸಾಹುಕಾರರು ಗೋಡೆಯ ಮೇಲೆ ತಮ್ಮ ಲಗ್ನದ ಕಾಲದಿಂದ ತುಕ್ಕು ಹಿಡಿಯುತ್ತ ತೂಗುತ್ತಿದ್ದ ತಲವಾರಿನ ಕಡೆ ನೋಡಿ ಎದೆ ಸೆಟೆಸಿದರು.

"ಇವತ್ತು ಅವನ ರುಂಡ ಬೀಳಬೇಕು."

"ಸಾವ್ಕಾರ್ರ, ಅದು ಬರೇ ಕತಿ ರಿ."

"ಕತ್ಯಾಗೇ ಬೀಳ್ಲಿ ಅನ್ನಾಕತ್ತೀನಿ. ಖರೇನೇ ಹಾರ್ಸಿದ್ರ ಪೊಲೀಸ್ರು ಬರಂಗಿಲ್ಲೇನು?" ಸಾಹುಕಾರರು ಕನ್ನಡಕ ಇಳಿಸಿದರು. "ಬೀಳಲಿಲ್ಲಾ, ಚಿಂಚೋಳಿ ಆಚಿ ಅಡವ್ಯಾಗ ಹೊಸ ಖಣಿ ತಗೊಂಡೀನಿ. ಅಲ್ಲಿಗೊಬ್ಬ ಮುನೀಮ ಬೇಕಾಗ್ಯಾನ."

ಆ ಖಣಿಯನ್ನು ಚಂದ್ರಾಮಪ್ಪ ಒಮ್ಮೆ ನೋಡಿ ಬಂದಿದ್ದ. ಬಿಸಿಲು, ಕಲ್ಲು, ಒಂದು ತಗಡಿನ ಶೆಡ್ಡು. ಬಸುರಿಯನ್ನು ಕರೆದುಕೊಂಡು ಹೋಗುವ ಜಾಗವಲ್ಲ. ಸೂಲಗಿತ್ತಿ ಬೇಕೆಂದರೆ ಹಗಲೆಲ್ಲ ನಡೆಯಬೇಕು. ರಾಕ್ಷಸ ಬದುಕಿದರೆ ಚಿಂಚೋಳಿಯ ಅಡವಿ, ಸತ್ತರೆ ವಾಡಿಯ ಬೀದಿ. ತಾನೇ ಹುಟ್ಟಿಸಿದ ಪ್ರಾಣಿಯೊಂದು ತನ್ನ ಎರಡೂ ಕಿವಿಯನ್ನು ಎರಡು ಕಡೆಗೆ ಹಿಡಿದು ಎಳೆಯುತ್ತಿರುವಂತೆ ಅವನಿಗೆ ಅನಿಸಿತು.

ಒಂದೇ ಕತೆ ಒಬ್ಬರಿಗೆ ಹಾಗೆ, ಇನ್ನೊಬ್ಬರಿಗೆ ಹೀಗೆ ಕಂಡದ್ದು ಹೇಗೆ? ಮಧ್ಯಾಹ್ನ ಊಟಕ್ಕೆಂದು ಬಂದವನು ನೇರ ಗನಿಸಾಬನ ಅಂಗಡಿಗೆ ನುಗ್ಗಿದ. ಗನಿಸಾಬ ಕೊರಳಿಗೆ ಟೇಪು ಹಾಕಿಕೊಂಡು ಯಾರದೋ ಕೋಟು ಬಿಚ್ಚುತ್ತಿದ್ದ.

"ಬರ್ರಿ ಮುನೀಮರ, ಕುಂದ್ರಿ. ನಮ್ಮ ಓಣ್ಯಾಗೇ ಇದ್ದು ಇಷ್ಟು ದಿನ ಮುಚ್ಚಿಟ್ರಲ್ಲ!"

"ಅದಿರ್ಲಿ ಗನಿಸಾಬ, ನನ್ನ ಕತ್ಯಾಗ ಆಡಿನಮರಿ ಎಲ್ಲಿಂದ ಬಂತು?"

ಗನಿಸಾಬನ ಕತ್ತರಿ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. "ಅದು ಅದರಾಗೇ ಅದ ಅಲ್ರಿ. ದೊಡ್ಡ ಮಂದಿ ಎಲ್ಲಾ ಬಾಯ್ಬಿಟ್ಟು ಹೇಳ್ತಾರೇನು? ನೋಡಾಂವ ನೋಡಿ ತಿಳ್ಕೋಬೇಕು."

"ಕರಾಳಜಂಘ ಒಳ್ಳೇಂವ ಅಂತ ಓಣೆಲ್ಲಾ ಅಳ್ಲಿಕತ್ತದ. ಅಂವ ಕೆಟ್ಟಾಂವ ಅಂತ ನಾ..."

"ಈ ಕೋಟು ನೋಡ್ರಿ." ಗನಿಸಾಬ ಅದನ್ನು ಎತ್ತಿ ಹಿಡಿದ. "ಹೊರಗ ಜರಿ, ಒಳಗ ಹರಕ ಅಸ್ತರು. ಇದು ನಿಮ್ಮ ರತ್ನಕೇತು. ತಿರುವಿ ಹಾಕ್ಕೊಂಡ್ರ ಹೊರಗ ಹರಕು, ಒಳಗ ಜರಿ. ಇದು ಕರಾಳಪ್ಪ. ಹೊಲಿಗಿ ಎರಡಕ್ಕೂ ಒಂದೇ. ಯಾವ ಮಗ್ಗಲು ಒಳ್ಳೇದು, ಯಾವ ಮಗ್ಗಲು ಕೆಟ್ಟದ್ದು ಗೊತ್ತಾಗದಂಗ ಹೊಲದೀರಿ ನೀವು. ಖುದಾ ಕಸಮ್, ನನಗ ಹಂಗ ಹೊಲ್ಯಾಕ ಬರಂಗಿಲ್ಲ."

ಚಂದ್ರಾಮಪ್ಪ ಹಾಗೆಲ್ಲ ಹೊಲಿದಿರಲಿಲ್ಲ. ಕೆಟ್ಟವನನ್ನು ಕೆಟ್ಟವನೆಂದೂ ಒಳ್ಳೆಯವನನ್ನು ಒಳ್ಳೆಯವನೆಂದೂ ದಪ್ಪ ಅಕ್ಷರದಲ್ಲಿ ಬರೆದಿದ್ದ. ಆದರೆ ಹೊಗಳಿಕೆ ಮೈಮೇಲೆ ಬಿದ್ದಾಗ ಅದನ್ನು ಕೊಡವಿಕೊಂಡು ಏಳುವ ಬರಹಗಾರ ಇನ್ನೂ ಹುಟ್ಟಿಲ್ಲ. ಚಾ ಕುಡಿದು ಮುಗಿಸುವ ಹೊತ್ತಿಗೆ, ತಾನು ಅದನ್ನೆಲ್ಲ ಬೇಕೆಂದೇ ಹಾಗೆ ಬರೆದದ್ದೆಂದು ಅವನಿಗೇ ನಂಬಿಕೆ ಬಂದಿತ್ತು. ಆಡಿನಮರಿಯನ್ನೂ ಎಲ್ಲೋ ಬರೆದಿರಬೇಕು.

"ಹಂಗಾದ್ರ ಕಡೀಗೆ ಏನ್ ಮಾಡ್ಲಿ? ಅಂವ ಸಾಯ್ಬೇಕೋ, ಉಳೀಬೇಕೋ?"

"ಅದು ನಿಮ್ಮ ಕೆಲಸ. ಪೇಪರ್ ಬರ್ಲಿ, ನಾ ನೋಡಿ ಹೇಳ್ತೀನಿ," ಎಂದ ಗನಿಸಾಬ.

ಹಿತ್ತಲಿಗೆ ಬಂದರೆ ಬಾವಿಯ ಗಡಗಡೆ ಬೋಳಾಗಿತ್ತು. ಶಿವಕಾಂತಮ್ಮ ಹಗ್ಗವನ್ನು ಸುತ್ತಿ ಒಳಗಿಟ್ಟು ಬೀಗ ಹಾಕಿದ್ದಳು. ಕರಾಳಪ್ಪ ಉಳಿದ ಸುದ್ದಿ ಬರುವ ತನಕ ಯಾರಿಗೂ ನೀರಿಲ್ಲ. ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಚಂದ್ರಾಮಪ್ಪನ ಬಾಗಿಲಿಗೇ ಬಂದು ಕೂತಿದ್ದರು.

"ಅಂವ ಉಳದ್ರ ಹಣಮಪ್ಪಗ ಕಾಯಿ ಒಡಸ್ತೀನಂತ ಬೇಡ್ಕೊಂಡೀನಿ," ಎಂದಳು ಮರೆಮ್ಮ. ಜೀವಮಾನವೆಲ್ಲ ರಾಕ್ಷಸರನ್ನು ಬಡಿಯುತ್ತಲೇ ಕಳೆದ ದೇವರಿಗೆ ಇಂಥ ಹರಕೆ ಇದೇ ಮೊದಲು ಬಂದಿರಬೇಕು.

"ನಾ ದರ್ಗಾದಾಗ ದಾರ ಕಟ್ಟಿ ಬಂದೀನಿ," ಎಂದಳು ಗನಿಸಾಬನ ಹೆಂಡತಿ ಲತೀಫಾ.

ಒಳಗೆ ಅಮೃತಮ್ಮ ಒಣಗಿದ ಕೊಡದ ಪಕ್ಕ ಕೂತಿದ್ದಳು. "ಏನ್ರಿ, ಆ ರಾಕ್ಷಸಗ ಒಂದು ಜೀವಾ ಕೊಟ್ರ ನಿಮ್ಮ ಗಂಟೇನು ಹೋಗ್ತದ?"

"ಕೊಟ್ರ ಸಾವ್ಕಾರ ನನ್ನ ಚಿಂಚೋಳಿ ಅಡವಿಗೆ ಕಳಸ್ತಾನ."

"ಕೊಡ್ಲಿಲ್ಲಂದ್ರ ಅಕಿ ನನ್ನ ಬೀದಿಗೆ ಕಳಸ್ತಾಳ."

"ಬಾಯಿ ಬಿಟ್ಟಾಕಿ ನೀನೇ."

"ಹುಟ್ಟಿಸ್ದಾಂವ ನೀವೇ. ನೆಟ್ಟಗ ಒಂದು ರಾಜಾ ರಾಣಿ ಕತಿ ಬರೀಲಿಕ್ಕ ಏನಾಗಿತ್ತು ನಿಮಗ?" ಎನ್ನುವಾಗ ಅವಳ ಕಣ್ಣು ತುಂಬಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಚಂದ್ರಾಮಪ್ಪ ಹಾಳೆ, ಪೆನ್ನು ಅಂಗಿಯೊಳಗೆ ತುರುಕಿಕೊಂಡು, ಹಿತ್ತಲ ಗೋಡೆ ಹಾರಿ ಸ್ಟೇಷನ್ನಿಗೆ ಓಡಿದ.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಗಾಡಿಗೆ ಏರಿಸಲು ಪೇರಿಸಿಟ್ಟ ಫರಸಿ ಕಲ್ಲುಗಳಿದ್ದವು. ಅದರ ಮೇಲೆ ಕೂತ. ಕಲ್ಲು ಕಾದ ಹಂಚಿನಂತೆ ಸುಡುತ್ತಿತ್ತು. ರತ್ನಕೇತು ಬೆಳಗಿನಿಂದ ಖಡ್ಗ ಎತ್ತಿಯೇ ನಿಂತಿದ್ದ, ಪಾಪ ಅವನ ಕೈಯೂ ಸೋತಿರಬೇಕು. ಚಂದ್ರಾಮಪ್ಪನಿಗೆ ಗನಿಸಾಬನ ಕೋಟು ನೆನಪಾಯಿತು. ಮಗ್ಗುಲು ಎರಡು, ಹೊಲಿಗೆ ಒಂದು. ಅವನು ಬರೆಯತೊಡಗಿದ.

ರತ್ನಕೇತುವು ಖಡ್ಗವನ್ನು ಕೆಳಗಿಟ್ಟನು. "ನಿನ್ನೊಳಗೂ ಒಳಿತಿದೆ, ನನ್ನೊಳಗೂ ಕೆಡುಕಿದೆ," ಎಂದನು. ಕರಾಳಜಂಘನು ತಲೆಬಾಗಿ ಅವನ ಪಾದಕ್ಕೆರಗಿದನು. ರಾಜಕುಮಾರನು ಅವನ ತಲೆಯ ಮೇಲೆ ಕೈಯಿಟ್ಟು ತಮ್ಮನೆಂದು ಕರೆದನು. ಇಬ್ಬರೂ ಏಳು ಕೋಟೆಗಳನ್ನು ಹಂಚಿಕೊಂಡರು. ಏಳನ್ನು ಸಮ ಮಾಡಲು ಬರುವುದಿಲ್ಲವಾಗಿ ರತ್ನಕೇತುವು ದೊಡ್ಡ ಮನಸ್ಸು ಮಾಡಿ ನಾಲ್ಕನ್ನು ಅವನಿಗೇ ಬಿಟ್ಟುಕೊಟ್ಟನು.

ಓದಿಕೊಂಡಾಗ ಅವನ ಕಣ್ಣಲ್ಲೇ ನೀರು ಬಂತು. ತಲೆಬಾಗಿಸಿದ್ದು ಸಾಹುಕಾರರಿಗೆ, ಉಳಿಸಿದ್ದು ಶಿವಕಾಂತಮ್ಮನಿಗೆ. ಯಾರೂ ಬಾಯಿ ತೆಗೆಯುವಂತಿರಲಿಲ್ಲ.

ಮೇಲ್ ಗಾಡಿ ಹೊಗೆ ಬಿಡುತ್ತ ಬಂದು ನಿಂತಿತು. ಆ ಕಡೆಯಿಂದ ಶಿವಕಾಂತಮ್ಮ ಕೊಡಗಳ ದಂಡು ಕಟ್ಟಿಕೊಂಡು ಬಂದಳು, ಈ ಕಡೆಯಿಂದ ಭೀಮಶಾ ಸಾಹುಕಾರರು ಧೋತರದ ಚುಂಗು ಹಿಡಿದು ಬಂದರು. ಇಬ್ಬರ ನಡುವೆ ಚಂದ್ರಾಮಪ್ಪ ಟಪಾಲು ಡಬ್ಬಿಯ ಕಿಂಡಿಗೆ ಲಕೋಟೆ ನೂಕಿದ.

"ಏನ್ ಮಾಡಿದ್ರಿ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

"ನಿಮ್ಮ ಮನಸ್ಸಿನಂಗೇ ಆಗ್ಯದ," ಎಂದ ಚಂದ್ರಾಮಪ್ಪ, ಇಬ್ಬರ ನಡುವಿನ ಕಂಬದ ಕಡೆ ನೋಡುತ್ತ.

ಮುಂದಿನ ವಾರ ಅವನ ಬಾಳಿನಲ್ಲಿ ಬಂಗಾರದ ವಾರ. ಹಗ್ಗ ಬಾವಿಗೆ ಇಳಿಯಿತು. ಅಮೃತಮ್ಮನ ಕೊಡವನ್ನು ಶಿವಕಾಂತಮ್ಮ ತಾನೇ ಸೇದಿ ಕೊಟ್ಟಳು. ಸಾಹುಕಾರರು ಗಾದಿಯ ತುದಿಯಲ್ಲಿ ಕೂರಿಸಿ ಚಾ ಕುಡಿಸಿದರು.

ಶುಕ್ರವಾರ ‘ಕತೆಗಂಟು’ ಬಂತು. ಸಾಹುಕಾರರು ಕನ್ನಡಕ ಏರಿಸಿ ಓದತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಪಾದಕ್ಕೆರಗಿದಲ್ಲಿ ಮುಗುಳ್ನಕ್ಕರು. ಆಮೇಲೆ ತುಟಿ ನಿಂತಿತು, ಮುಖ ಕೆಂಪಾಯಿತು.

"ನಾಲ್ಕು ಕೋಟಿ ಅವಗ, ಮೂರು ನನಗ?"

"ಸಾವ್ಕಾರ್ರ, ಏಳು ಸಮ ಆಗಂಗಿಲ್ಲ ನೋಡ್ರಿ..."

"ಗಡಿಕಲ್ಲಿನ ಖಟ್ಲೆ ಇನ್ನಾ ಕೋರ್ಟಿನ್ಯಾಗ ಅದ! ಜಡ್ಜ್ ಸಾಹೇಬ್ರು ಬಾಯಿ ತೆಗೆಯೋಕಿಂತ ಮೊದ್ಲೇ ನೀವು ಕಾಶಪ್ಪಗ ಡಿಕ್ರಿ ಕೊಟ್ಟು, ಛಾಪಿಸಿ, ಊರೆಲ್ಲಾ ಹಂಚೀರಿ! ಮ್ಯಾಲ ಅವಗ ತಮ್ಮ ಅಂತ ಕರೀಬೇಕಾ ನಾ?" ಸಾಹುಕಾರರು ಎದ್ದು ನಿಂತರು. "ಮುಂದಿನ ಶುಕ್ರವಾರ ಚಿಂಚೋಳಿ ಖಣಿಗೆ ಹೊಂಡ್ರಿ. ಅಲ್ಲಿ ಕುಂತು ಕಲ್ಲಿಗೆ ಕತಿ ಹೇಳ್ರಿ."

ಚಂದ್ರಾಮಪ್ಪ ಕಾಲೆಳೆಯುತ್ತ ಮನೆಯತ್ತ ನಡೆದ. ಒಂದು ಸಮಾಧಾನವಿತ್ತು. ತಾನು ಅಡವಿಗೆ ಹೋದರೂ ಅಮೃತಮ್ಮ ಖೋಲಿಯಲ್ಲೇ ಇರಬಹುದು. ಬಾವಿ ಇದೆ, ಶಿವಕಾಂತಮ್ಮ ಇದ್ದಾಳೆ. ಕರಾಳಪ್ಪ ಉಳಿದದ್ದಕ್ಕೆ ಅಷ್ಟಾದರೂ ಫಲ.

ಓಣಿಯ ತಿರುವಿನಲ್ಲೇ ಹೆಂಗಸರು ಎದೆ ಬಡಿದುಕೊಂಡು ಅಳುವುದು ಕೇಳಿಸಿತು. ಯಾರೋ ಸತ್ತಿರಬೇಕೆಂದು ಚಂದ್ರಾಮಪ್ಪ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದ.

ಸತ್ತವನು ಕರಾಳಪ್ಪ. ಚಂದ್ರಾಮಪ್ಪನ ಟ್ರಂಕು, ಹಾಸಿಗೆ ಬೀದಿಯಲ್ಲಿದ್ದವು. ಟ್ರಂಕಿನ ಮೇಲೆ ಅಮೃತಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

"ಮನಿಹಾಳ!" ಶಿವಕಾಂತಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಬಾಯಾಗ ಹೋಳಿಗಿ ಇಟ್ಟೆ, ಕೊಡಾ ಸೇದಿ ಕೊಟ್ಟೆ. ಅವನ ತೆಲಿ ಕಡದು ಕಾಲಾಗ ಉರುಳಿಸಿದ್ರೇನ್ರಿ? ಕಡೀಕೂ ಆ ಆಡಿನಮರಿ ಹೆಸರು ತಗೊಂಡು ಜೀವಾ ಬಿಟ್ನಂತ!"

"ಅಮ್ಮಾ, ಅಂವ ಸತ್ತಿಲ್ಲ! ನಾ ಉಳಿಸೀನಿ!"

"ಈಗಷ್ಟೇ ಗನಿಸಾಬ ಎಲ್ಲಾರ ಮುಂದ ಓದ್ದ. ಅಂವ ಸುಳ್ಳು ಓದ್ತಾನೇನು?"

ಚಂದ್ರಾಮಪ್ಪ ಅಂಗಡಿಗೆ ನುಗ್ಗಿ ಗನಿಸಾಬನ ಕೈಯಿಂದ ಪತ್ರಿಕೆ ಕಸಿದುಕೊಂಡ. ಅಕ್ಷರ ಎಲ್ಲ ತಾನು ಬರೆದಂತೆಯೇ ಇತ್ತು. "ಎಲ್ಲಿ ಅದ ಕಡದದ್ದು? ಬೆರಳಿಟ್ಟು ತೋರಸು!"

ಗನಿಸಾಬ ಬಾಗಿಲು ಮುಂದೆ ಮಾಡಿ, ಅಕ್ಷರದ ಮೇಲಲ್ಲ, ಚಿತ್ರದ ಮೇಲೆ ಬೆರಳಿಟ್ಟ. ಪತ್ರಿಕೆಯ ಚಿತ್ರಗಾರ ರಾಕ್ಷಸನ ಮೈ ಬರೆಯಲು ಬೇಸರಪಟ್ಟು ಅದಕ್ಕೆಲ್ಲ ಮಸಿ ಹೊಡೆದು ಮೋಡ ಮಾಡಿದ್ದ. ಕಾಣುತ್ತಿದ್ದದ್ದು ರತ್ನಕೇತುವಿನ ಪಾದದ ಮೇಲಿನ ತಲೆಯೊಂದೇ. ಅದರ ಕೂದಲ ಮೇಲೆ ರಾಜಕುಮಾರನ ಕೈ. ಪಕ್ಕದಲ್ಲಿ ಖಡ್ಗ.

"ಮುನೀಮರ, ನಿಮ್ಮ ಕಾಲು ಹಿಡೀತೀನಿ, ಯಾರ ಮುಂದೂ ಆಡಬ್ಯಾಡ್ರಿ," ಎಂದು ಗನಿಸಾಬ ಪಿಸುಗುಟ್ಟಿದ. "ನನಗ ಕನ್ನಡ ಓದಾಕ ಬರಂಗಿಲ್ಲ. ನಿಜಾಮರ ಕಾಲದ ಉರ್ದು ಸಾಲಿ ಕಲ್ತಾಂವ ನಾ. ಈಗ ಮೈಸೂರ ರಾಜ್ಯ ಆಯ್ತು, ಎಲ್ಲಾ ಕನ್ನಡ ಬಂತು. ಓಣಿ ಮಂದಿ ಈ ಪೇಪರ್ ಕೈಯಾಗ ಕೊಟ್ಟು ಓದು ಅಂದ್ರು. ಉರ್ದು ಓದಾಂವಗ ಇದು ಬರಂಗಿಲ್ಲ ಅಂದ್ರ ಯಾರು ನಂಬ್ತಾರ? ನನಗೂ ನಾಚಿಕಿ ಆಯ್ತು. ಚಿತ್ರಾ ನೋಡ್ದೆ, ಹೇಳ್ದೆ. ಅವರು ಅತ್ರು. ಅತ್ತ ಮ್ಯಾಲ ಹ್ಯಾಂಗ ಬಿಡೋದು?"

"ಆಡಿನಮರಿ?"

ಗನಿಸಾಬ ಹಳೆಯ ಸಂಚಿಕೆಯೊಂದನ್ನು ತೆಗೆದು ತೋರಿಸಿದ. ಚಂದ್ರಾಮಪ್ಪ ಆ ಚಿತ್ರವನ್ನು ಎಷ್ಟು ಸಲ ನೋಡಿದ್ದನೋ, ಮೂಲೆಯನ್ನು ಮಾತ್ರ ನೋಡಿರಲಿಲ್ಲ. ಮೂಲೆಯಲ್ಲಿ ಖಾಲಿ ಉಳಿದ ಜಾಗ ತುಂಬಲು ಚಿತ್ರಗಾರ ಒಂದು ಸಣ್ಣ ಆಡನ್ನು ಬರೆದಿದ್ದ. ಅಚ್ಚಿನ ಬ್ಲಾಕಿನ ದೋಷವೋ ಏನೋ, ಅದಕ್ಕೆ ಒಂದು ಕಾಲು ಮೂಡಿರಲಿಲ್ಲ. ಅದರ ಪಕ್ಕ ನಿಂತ ಕರಾಳಜಂಘನ ಕಣ್ಣಲ್ಲಿ, ಕ್ಯಾಲೆಂಡರಿನ ದೇವರ ಚಿತ್ರ ಬರೆದು ರೂಢಿಯಾದ ಕೈಯಿಂದ ಬಂದ ಕರುಣೆ ತುಳುಕುತ್ತಿತ್ತು.

ಚಂದ್ರಾಮಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಗನಿಸಾಬನ ಕತೆಯ ಮೇಲೆ ಹೊಟ್ಟೆಕಿಚ್ಚು. ಆದರೂ ಹೊರಗೆ ಟ್ರಂಕಿನ ಮೇಲೆ ಬಸುರಿ ಕೂತಿದ್ದಳು. "ಗನಿಸಾಬ, ನನ್ನ ಮನಿ ಹೋಗ್ಲಿಕತ್ತದ. ಖರೇ ಹೇಳು."

ಗನಿಸಾಬ ಒಳ್ಳೆಯವನು. ಕೊರಳಿನ ಟೇಪು ತೆಗೆದಿಟ್ಟ. ಆಮೇಲೆ ಹೊರಗೆ ಬಂದು, ಇಡೀ ಓಣಿಯ ಎದುರಿಗೆ ತಲೆ ತಗ್ಗಿಸಿ ಹೇಳಿದ, "ಶಿವಕಾಂತಮ್ಮಾ, ನನಗ ಕನ್ನಡ ಓದಾಕ ಬರಂಗಿಲ್ಲ. ಅಂವ ಸತ್ತಿಲ್ಲ. ನಾ ಚಿತ್ರಾ ನೋಡಿ ಹೇಳೀನಿ."

ಶಿವಕಾಂತಮ್ಮನ ಕಣ್ಣಲ್ಲಿ ಮತ್ತೆ ನೀರು ತುಂಬಿತು.

"ನೋಡ್ರೆವ್ವಾ, ಎಂಥಾ ದೊಡ್ಡ ಮನಷ್ಯಾ! ಬ್ಯಾರೇದವನ ಸಂಸಾರ ಬೀದಿಗೆ ಬರಬಾರ್ದಂತ ತನಗ ಓದೇ ಬರಂಗಿಲ್ಲಂತ ಸುಳ್ಳು ಹೇಳಾಕತ್ಯಾನ! ಥೇಟ್ ನಮ್ಮ ಕರಾಳಪ್ಪನ ಗುಣ!"

"ಖರೇನೇ ಬರಂಗಿಲ್ರಿ!" ಗನಿಸಾಬ ಅಳುವ ದನಿಯಲ್ಲಿ ಅಂದ. ಅವನು ಹಾಗೆಂದಷ್ಟೂ ಹೆಂಗಸರು ಅವನನ್ನು ಹೆಚ್ಚು ಹೊಗಳಿದರು.

ಚಂದ್ರಾಮಪ್ಪ ಪತ್ರಿಕೆ ಹಿಡಿದು ಟ್ರಂಕಿನ ಮೇಲೆ ಹತ್ತಿ ನಿಂತ. "ನಾ ಓದ್ತೀನಿ, ಕೇಳ್ರಿ!" ಗಂಟಲು ಸರಿಮಾಡಿಕೊಂಡು ಓದಿದ. "ಆಗ ಕರಾಳಜಂಘನು ಗದ್ಗದಕಂಠನಾಗಿ, ಎಲೈ ರಾಜಪುತ್ರನೇ, ನಿನ್ನ ಔದಾರ್ಯಕ್ಕೆ ನಾನು ಚಿರಋಣಿಯಾಗಿದ್ದೇನೆ ಎಂದನು..."

"ತಡೀರಿ, ತಡೀರಿ," ಎಂದಳು ಮರೆಮ್ಮ. "ಯಾರು ಹಿಂಗಂದ್ರು?"

"ಕರಾಳಜಂಘ."

"ಅಂವ ಯಾವಾಗ ಹಿಂಗ ಮಾತಾಡ್ತಾನ? ನಮ್ಮ ಕರಾಳಪ್ಪ ಅಂದ್ರ, ‘ಯಾಕಪಾ ತಮ್ಮಾ, ಉಂಡಿಯೇನು?’ ಅಂತಾನ. ಈ ಕತಿ ಬ್ಯಾರೇನೇ ಅದ."

"ಸಾಯ್ಸಿದ್ದಲ್ದೇ ಈಗ ಅವನ ಬಾಯಾಗ ಸುಳ್ಳು ಮಾತು ತುರಕ್ಲಿಕತ್ತಾರ ನೋಡ್ರಿ," ಎಂದಳು ಶಿವಕಾಂತಮ್ಮ. ತೀರ್ಪು ಅಲ್ಲಿಗೆ ಮುಗಿಯಿತು. ಅಮೃತಮ್ಮನ ಮೋರೆ ನೋಡಿ ಒಂದು ವಾರದ ಮಟ್ಟಿಗೆ ಖೋಲಿ ಬಿಟ್ಟುಕೊಟ್ಟಳು, ನೀರನ್ನೂ ಅವಳ ಹೆಸರಿಗೆ ಮಾತ್ರ ಕೊಟ್ಟಳು.

ಮುಂದಿನ ಶುಕ್ರವಾರ ಚಂದ್ರಾಮಪ್ಪನ ಸಂಸಾರ ಚಕ್ಕಡಿ ಏರಿತು. ಅಮೃತಮ್ಮನನ್ನು ಚಿತ್ತಾಪುರದಲ್ಲಿ ಇಳಿಸಿ ದಂಡೋತಿಯ ತವರಿಗೆ ಕಳಿಸುವುದು, ತಾನು ಸೇಡಮ್ಮಿಗೆ ಹೋಗಿ ಅಲ್ಲಿಂದ ಚಿಂಚೋಳಿಯ ಅಡವಿ ಸೇರುವುದು ಎಂದಾಗಿತ್ತು. ರೈಲಿಗೆ ಹೊತ್ತಾಗಿತ್ತು. ಚಕ್ಕಡಿ ಗನಿಸಾಬನ ಅಂಗಡಿಯ ಮುಂದೆ ಬಂದಾಗ ಕಟ್ಟೆಯ ತುಂಬ ಜನ. ಗನಿಸಾಬ ಹೊಸ ‘ಕತೆಗಂಟು’ ಹಿಡಿದು ಕೂತಿದ್ದ. ಅದರಲ್ಲಿ ಚಂದ್ರಾಮಪ್ಪನ ಕತೆ ಇರಲಿಲ್ಲ. ಹಿಂಬದಿಯ ಪುಟದಲ್ಲಿ ಯಾವುದೋ ಶಕ್ತಿಲೇಹ್ಯದ ಜಾಹೀರಾತಿತ್ತು: ದಪ್ಪ ಮೀಸೆಯ ಜಟ್ಟಿಯೊಬ್ಬ ಎರಡೂ ತೋಳು ಎತ್ತಿ ನಿಂತಿದ್ದ. ಗನಿಸಾಬನ ಕಣ್ಣು ಆ ಜಟ್ಟಿಯ ಮೇಲೆಯೇ ಇತ್ತು.

"ಗವಿ ಬಾಯಿ ಮ್ಯಾಲಿನ ಕಲ್ಲು ಅಳ್ಳಾಡ್ತು. ಒಳಗಿಂದ ಹೊಗಿ ಬಂತು. ಹೊಗಿಯೊಳಗಿಂದ ಒಂದು ಕೈ ಬಂತು..."

"ಎವ್ವಾ!" ಎಂದು ಕಟ್ಟೆ ಉಸಿರೆಳೆದುಕೊಂಡಿತು.

ಶಿವಕಾಂತಮ್ಮ ಚಕ್ಕಡಿ ನೋಡಿ ಎದ್ದು ಬಂದಳು. ಮುಖ ಹಬ್ಬದ ದಿನದಂತೆ ಬೆಳಗುತ್ತಿತ್ತು. "ನೋಡ್ರಿ, ನೀವು ಕೊಂದ್ರೂ ಸಾಯ್ಲಿಲ್ಲ ಅಂವ! ಬ್ಯಾರೇ ಯಾರೋ ಪುಣ್ಯಾತ್ಮರು ಬರೀಲಿಕತ್ತಾರಂತ. ಕರಾಳಪ್ಪ ಕೆಟ್ಟಾಂವ ಅಲ್ಲ, ರತ್ನಕೇತೂನೂ ಪೂರಾ ಕೆಟ್ಟಾಂವ ಅಲ್ಲಂತ. ಹಂಗಾದ್ರ ಇಡೀ ಕತ್ಯಾಗ ಕೆಟ್ಟಾಂವ ಯಾರು ಅಂತ ನಾ ಕುಂತು ವಿಚಾರ ಮಾಡ್ದೆ. ನೀವೊಬ್ರೇ ಸಿಕ್ರಿ ನೋಡ್ರಿ."

ಚಂದ್ರಾಮಪ್ಪನ ಕಿವಿ ಬೇರೆ ಕಡೆ ಇತ್ತು.

"ಹೊರಗ ಬಂದ ಕರಾಳಪ್ಪ ಸುತ್ತಾ ನೋಡ್ದ. ಊರು ಮೊದಲಿನಂಗಿಲ್ಲ. ಯಾರಿಗೂ ಅವನ ಗುರ್ತಿಲ್ಲ..." ಗನಿಸಾಬನ ದನಿ ಇಳಿಯಿತು.

"ಏಯ್ ತಮ್ಮಾ, ಚಕ್ಕಡಿ ಸ್ವಲ್ಪ ನಿಂದ್ರಸು," ಎಂದ ಚಂದ್ರಾಮಪ್ಪ.

"ಗಾಡಿ ತಪ್ತದ್ರಿ," ಎಂದ ಚಕ್ಕಡಿಯವನು.

"ಗಪ್ಪ ಕುಂದ್ರಪಾ, ಕೇಳಸಂಗಿಲ್ಲ," ಎಂದಳು ಅಮೃತಮ್ಮ, ಟ್ರಂಕಿನ ಮೇಲಿಂದ ಮುಂದಕ್ಕೆ ಬಾಗಿ.

ಸೇಡಂ ಕಡೆಯ ಗಾಡಿ ಸಿಳ್ಳು ಹಾಕಿ ಹೊರಟುಹೋಯಿತು. ಚಂದ್ರಾಮಪ್ಪನಿಗೆ ಅದು ಕೇಳಿಸಲಿಲ್ಲ. ಆಗ ತಾನೇ ಆಡಿನಮರಿ ಕರಾಳಪ್ಪನ ಗುರುತು ಹಿಡಿದಿತ್ತು.